ಹಿಂದಿನ ಬಾಕಿ

ಕಳೆದ ವರ್ಷ ಆಷಾಢದಲ್ಲಿ, ಚಾಮುಂಡಿ ಬೆಟ್ಟಕ್ಕೆ ಹೋಗುವವರ ಗದ್ದಲ ಊರನ್ನೆಲ್ಲ ತುಂಬಿದ್ದ ಒಂದು ಶುಕ್ರವಾರದ ಬೆಳಗ್ಗೆ, ಹಾಲು ತರಲೆಂದು ಹೊರಟವಳು ನಮ್ಮ ರಸ್ತೆಯ ಮೂಲೆಯ ವಿದ್ಯುತ್ ಕಂಬದ ಮುಂದೆ ನಿಂತುಬಿಟ್ಟೆ. ಕಂಬಕ್ಕೆ ಒಂದು ಚಿಕ್ಕ ಫ್ಲೆಕ್ಸ್ ಕಟ್ಟಿದ್ದರು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದಿತ್ತು. ನಡುವೆ ನನಗೆ ಚೆನ್ನಾಗಿ ಗೊತ್ತಿದ್ದ ಮುಖ, ಅದರ ಕೆಳಗೆ ನನಗೆ ಗೊತ್ತೇ ಇರದ ಒಂದು ಹೆಸರು. ಮುಖ ನಮ್ಮ ದಿನಸಿ ಅಂಗಡಿಯ ಶೆಟ್ಟರದು. ಹೆಸರೂ ಅವರದೇ ಎಂದು ಮನಸ್ಸು ಒಪ್ಪಿಕೊಳ್ಳಲು ಎರಡು ಮೂರು ಸಲ ಓದಬೇಕಾಯಿತು. ತೀರಿಕೊಂಡು ಆಗಲೇ ಎಂಟು ದಿನ ಕಳೆದಿತ್ತು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಎರಡು ಕ್ರಾಸ್. ಎಂಟು ದಿನ ನಾನು ಆ ಎರಡು ಕ್ರಾಸ್‌ಗಳ ಮೇಲೆಯೇ ಓಡಾಡಿದ್ದೇನೆ, ಗಾಡಿ ನಿಲ್ಲಿಸಿದ್ದೇನೆ, ತರಕಾರಿ ಕೊಂಡಿದ್ದೇನೆ. ಒಬ್ಬರೂ ಹೇಳಲಿಲ್ಲ, ನಾನೂ ಯಾರನ್ನೂ ಏನೂ ಕೇಳಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳಿಗೆ ಈಗ 82. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಚುರುಕು. ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳು ಕೇಳಿದ ಮೊದಲ ಮಾತು ಇದು: “ನಮ್ದೇನೂ ಬಾಕಿ ಇಲ್ಲ ತಾನೆ?” ಆ ಅಂಗಡಿಯಲ್ಲಿ ನಾವು ಲೆಕ್ಕಕ್ಕೆ ಬರೆಸುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿದೆ. ಅಂಗಡಿಯೇ ಮುಚ್ಚಿ ನಾಲ್ಕು ವರ್ಷವಾಗಿದೆ. ಆದರೂ ಅವಳ ಆ ಪ್ರಶ್ನೆ ನನ್ನನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಅದನ್ನು ಹಿಡಿದುಕೊಂಡೇ ಇದನ್ನು ಬರೆಯಲು ಕುಳಿತಿದ್ದೇನೆ.

ಹಿತ್ತಿಲ ಕಡೆಯ ರಸ್ತೆ

ಮೈಸೂರಿನ ಚಾಮುಂಡಿಪುರದಲ್ಲಿ ಬೆಳೆದವರಿಗೆ ಕನ್ಸರ್ವೆನ್ಸಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಗಳ ಎರಡು ಸಾಲುಗಳ ಬೆನ್ನಿಗೆ ಬೆನ್ನು ತಾಗುವ ಜಾಗದಲ್ಲಿ ಒಂದು ಕೈಗಾಡಿ ಹೋಗುವಷ್ಟು ಅಗಲದ ಸಂದಿ. ನಮ್ಮ ಮುಂಬಾಗಿಲು ರಸ್ತೆಗೆ ತೆರೆದರೆ ಹಿಂಬಾಗಿಲು ಅದಕ್ಕೆ ತೆರೆಯುತ್ತಿತ್ತು. ಮುಂಬಾಗಿಲಿನಿಂದ ಬರುವವರು ನೆಂಟರು, ಪೋಸ್ಟ್‌ಮನ್, ದಸರೆಯಲ್ಲಿ ‘ಗೊಂಬೆ ಕೂರ್ಸಿದ್ದೀರಾ’ ಎಂದು ಕೇಳಿಕೊಂಡು ಬರುವ ಮಕ್ಕಳು. ಹಿಂಬಾಗಿಲಿನಿಂದ ಬರುತ್ತಿದ್ದದ್ದು ಬದುಕಿಗೆ ನಿಜವಾಗಿ ಬೇಕಾದದ್ದು: ಹೆಪ್ಪಿಗೆ ಒಂದು ಚಮಚ ಮೊಸರು, ಒಂದು ಹಿಡಿ ಕರಿಬೇವು, ನೆಂಟರು ದಿಢೀರನೆ ಬಂದಾಗ ಅರ್ಧ ಪಾವು ಸಕ್ಕರೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ಕಟ್ಟಳೆ ಇದ್ದುದರಿಂದ ಸಂಜೆ ಐದೂವರೆಗೆ ಆ ಸಂದಿಯಲ್ಲಿ ಬಟ್ಟಲು ಹಿಡಿದ ಹೆಂಗಸರ ಓಡಾಟ ಜೋರಾಗಿರುತ್ತಿತ್ತು.

ಈ ಸಂದಿಗಳ ಹುಟ್ಟಿನ ಹಿಂದೆ ಒಂದು ಕಷ್ಟದ ಕಾಲವಿದೆ. 19ನೆಯ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂದು ಹಳೆಯ ಮೈಸೂರಿನ ಇಕ್ಕಟ್ಟಿನ ಕೇರಿಗಳು ತತ್ತರಿಸಿದ ಮೇಲೆ, ಊರಿಗೆ ಗಾಳಿ ಬೆಳಕು ಬರಬೇಕೆಂದು 1903ರಲ್ಲಿ ಸಿ.ಐ.ಟಿ.ಬಿ., ಅಂದರೆ ನಗರ ಸುಧಾರಣಾ ಮಂಡಳಿ, ಹುಟ್ಟಿತು. ಅಗಲದ ರಸ್ತೆ, ಅಳೆದ ನಿವೇಶನ, ಹಿಂದೆ ಕನ್ಸರ್ವೆನ್ಸಿ. ಮುಂದೆ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಆಗುವವರೆಗೂ ಊರನ್ನು ಬೆಳೆಸಿದ್ದು ಅದೇ ಮಂಡಳಿ. ಆದರೆ ಕನ್ಸರ್ವೆನ್ಸಿ ಬಿಟ್ಟದ್ದು ನಮ್ಮ ಅಮ್ಮಂದಿರು ಮೊಸರು ಬದಲಾಯಿಸಿಕೊಳ್ಳಲಿ ಎಂದಲ್ಲ. ಪಾಯಿಖಾನೆಯ ಮಲವನ್ನು ಬಳಿದು ಹೊತ್ತೊಯ್ಯುವ ಮನುಷ್ಯರು ಯಾರ ಕಣ್ಣಿಗೂ ಬೀಳದೆ ಬಂದು ಹೋಗಲಿ ಎಂದು. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಷೇಧಿಸಿದರು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ನಮ್ಮ ಬೀದಿಗೆ ಒಳಚರಂಡಿ ಬಂದಿತ್ತು. ಆದರೂ ಪ್ರತಿ ಮನೆಯ ಹಿಂಗೋಡೆಯಲ್ಲಿ ನೆಲಕ್ಕೆ ತಾಗಿದಂತೆ ಒಂದು ಮುಚ್ಚಿದ ಚಿಕ್ಕ ಕಿಂಡಿಯ ಗುರುತು ಉಳಿದಿತ್ತು. ಅದೇನೆಂದು ಕೇಳಿದರೆ ದೊಡ್ಡವರು ಮಾತು ಮರೆಸುತ್ತಿದ್ದರು. ನೆರೆಹೊರೆಯ ಸೊಗಸನ್ನು ನೆನೆಯುವಾಗಲೆಲ್ಲ ಆ ಕಿಂಡಿ ನನಗೆ ನೆನಪಾಗುತ್ತದೆ. ಶೆಟ್ಟರ ಹೆಸರನ್ನು ಕೊನೆಗೆ ಫ್ಲೆಕ್ಸ್‌ನಿಂದಲಾದರೂ ತಿಳಿದೆ. ಆ ಸಂದಿಯಲ್ಲಿ ನಮಗಿಂತ ಮೊದಲು ನಡೆದವರ ಒಂದು ಹೆಸರೂ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ.

1985

ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಆ ವರ್ಷ ಬೀಗ ಬಿತ್ತು. ಯಾವ ಕಾರ್ಖಾನೆ ಎಂಬುದು ಇಲ್ಲಿ ಮುಖ್ಯವಲ್ಲ. ಐದು ತಿಂಗಳು ಸಂಬಳವಿರಲಿಲ್ಲ. ನನಗೆ ಹನ್ನೊಂದು ವರ್ಷ, ತಮ್ಮನಿಗೆ ಏಳು. ಅಪ್ಪ ದಿನವೂ ಬೆಳಗ್ಗೆ ಎಂದಿನಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಂಟು ಗಂಟೆಗೆ ಸೈಕಲ್ ಹತ್ತಿ ಹೋಗುತ್ತಿದ್ದರು. ಎಲ್ಲಿಗೆ ಹೋಗುತ್ತಿದ್ದರೆಂದು ನಮಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಕೆಲವು ದಿನ ಗೇಟಿನ ಮುಂದಿನ ಧರಣಿಗೆ, ಕೆಲವು ದಿನ ಸಂತೆಪೇಟೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವುದಕ್ಕೆ, ಕೆಲವು ದಿನ ಎಲ್ಲಿಗೂ ಅಲ್ಲ.

ಅಂಗಡಿಗೆ ಹೋಗುವ ಕೆಲಸ ನನ್ನದು. ಲೆಕ್ಕಕ್ಕೆ ಬರೆಸುವ ಮನೆಗಳಿಗೆಲ್ಲ ಶೆಟ್ಟರು ಅಂಗೈ ಅಗಲದ ಒಂದೊಂದು ಪುಸ್ತಕ ಕೊಟ್ಟಿದ್ದರು. ಅದೇ ಲೆಕ್ಕ ಅವರ ಗಲ್ಲಾಪೆಟ್ಟಿಗೆಯ ಪಕ್ಕದ ದೊಡ್ಡ ಖಾತೆ ಪುಸ್ತಕದಲ್ಲೂ ಏರುತ್ತಿತ್ತು. ತಿಂಗಳ ಮೊದಲ ವಾರ ಸಂಬಳ ಬಂದ ಕೂಡಲೇ ಚುಕ್ತಾ ಮಾಡಬೇಕು. ಮಾಡದಿದ್ದರೆ ಮುಂದಿನ ತಿಂಗಳ ಪುಟದ ತಲೆಯಲ್ಲಿ ‘ಹಿಂದಿನ ಬಾಕಿ’ ಎಂದು ಬರೆದು ಅದರ ಮೊತ್ತ ಹಾಕುತ್ತಿದ್ದರು. ಮೊದಲ ತಿಂಗಳು ಹಾಗೆಯೇ ಬರೆದರು. ಎರಡನೆಯ ತಿಂಗಳ ಪುಟದ ತಲೆಯಲ್ಲಿ ಆ ಅಂಕಿ ದೊಡ್ಡದಾಯಿತು. ನಾನು ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ ಪುಸ್ತಕವನ್ನು ತೆರೆದು ಅದನ್ನೇ ನೋಡುತ್ತ ಬರುತ್ತಿದ್ದೆ. 640 ರೂಪಾಯಿ ಚಿಲ್ಲರೆ. ಹನ್ನೊಂದು ವರ್ಷದ ಹುಡುಗಿಗೆ ಆ ಅಂಕಿಯ ಅರ್ಥ ಪೂರ್ತಿಯಾಗಿ ತಿಳಿಯದಿದ್ದರೂ ಅದು ಬೆಳೆಯುತ್ತಿದೆ ಎಂಬುದು ತಿಳಿಯುತ್ತಿತ್ತು. ಅಂಗಡಿಯಲ್ಲಿ ಬೇರೆಯವರಿದ್ದರೆ ಅವರು ಹೋಗುವವರೆಗೆ ಮೆಟ್ಟಿಲ ಪಕ್ಕದಲ್ಲಿ ನಿಂತು ಕಾಯುತ್ತಿದ್ದೆ.

ಮೂರನೆಯ ತಿಂಗಳ ಮೊದಲ ದಿನ ಸಂಜೆ ಹೋದಾಗ ಶೆಟ್ಟರು ಬೇಳೆ ತೂಗುತ್ತಿದ್ದರು. ತಕ್ಕಡಿ ಕೆಳಗಿಟ್ಟು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಅದರ ಪುಟಗಳನ್ನೊಮ್ಮೆ ತಿರುವಿ ನೋಡಿ, ಗಲ್ಲಾಪೆಟ್ಟಿಗೆಯೊಳಗೆ ಹಾಕಿ ಮುಚ್ಚಿಬಿಟ್ಟರು. ನನ್ನ ಎದೆ ಹೊಡೆದುಕೊಂಡಿತು. ಇನ್ನು ಕೊಡುವುದಿಲ್ಲ ಎಂದೇ ತಿಳಿದೆ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅಟ್ಟಣಿಗೆಯಿಂದ ಒಂದು ಹೊಸ ಪುಸ್ತಕ ಇಳಿಸಿ, ಮೊದಲ ಪುಟದಲ್ಲಿ ‘ಶ್ರೀ’ ಬರೆದು, ಅದರ ಕೆಳಗೆ ನೇರವಾಗಿ ಆ ದಿನದ ಸಾಮಾನು ಬರೆಯತೊಡಗಿದರು. ತೊಗರಿಬೇಳೆ, ಬೆಲ್ಲ, ಕೊಬ್ಬರಿ ಎಣ್ಣೆ. “ಹಳೇದು ತುಂಬೋಯ್ತು ಕಣಮ್ಮ, ಹೊಸ್ದು ಹಾಕಿದ್ದೀನಿ ಅಂತ ಅಪ್ಪಂಗೆ ಹೇಳು,” ಎಂದರು. ಪೊಟ್ಟಣ ಕಟ್ಟಿ, ಮೇಲೆ ನೇತಾಡುತ್ತಿದ್ದ ಡಬ್ಬಿಯಿಂದ ದಾರ ಎಳೆದು, ಎರಡು ಸುತ್ತು ಸುತ್ತಿ, ಬೆರಳಿನ ಒಂದೇ ಚಿಟುಕಿಗೆ ಹರಿದು ಕೊಟ್ಟರು.

ಹಳೆಯ ಪುಸ್ತಕ ತುಂಬಿರಲಿಲ್ಲ. ಅದರಲ್ಲಿ ಕಡೇಪಕ್ಷ ಇಪ್ಪತ್ತು ಹಾಳೆ ಖಾಲಿ ಇದ್ದವು. ಅದನ್ನು ದಿನವೂ ಹಿಡಿದು ಓಡಾಡುತ್ತಿದ್ದ ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿರಲು ಸಾಧ್ಯ? ಆದರೆ ಆ ಸಂಜೆ ನನಗೆ ಅನ್ನಿಸಿದ್ದು ಹೊಸ ಪುಸ್ತಕದ ಮೊದಲ ಪುಟದಲ್ಲಿ ಹಿಂದಿನ ಬಾಕಿ ಬರೆಯುವುದನ್ನು ಶೆಟ್ಟರು ಮರೆತರು ಎಂದು. ಮರೆತದ್ದನ್ನು ಅಪ್ಪನಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿ ಕೊನೆಗೆ ಹೇಳಿದೆ. ಅಪ್ಪ ಪುಸ್ತಕವನ್ನು ಕೈಗೆ ತೆಗೆದುಕೊಂಡು ಮೊದಲ ಪುಟವನ್ನು ಬಹಳ ಹೊತ್ತು ನೋಡಿದರು. “ಅವರು ಮರೆಯೋರಲ್ಲ,” ಎಂದಷ್ಟೇ ಹೇಳಿ ಎದ್ದುಹೋದರು. ಬಾಕಿ ಅಂಗಡಿಯ ದೊಡ್ಡ ಖಾತೆಯಲ್ಲಿ ಪೈಸೆ ಸಹಿತ ಹಾಗೆಯೇ ಇತ್ತು. ಮಗುವಿನ ಕೈಯಲ್ಲಿ ಓಡಾಡುವ ಪುಸ್ತಕದಿಂದ ಮಾತ್ರ ಅದನ್ನು ತೆಗೆದಿದ್ದರು. ಇದು ನನಗೆ ಅರ್ಥವಾದದ್ದು ನಾನೂ ಒಬ್ಬ ಮಗಳನ್ನು ಅಂಗಡಿಗೆ ಕಳಿಸುವ ವಯಸ್ಸಿಗೆ ಬಂದ ಮೇಲೆ.

ಖಾರದ ಮಿಷನ್

ನಾಲ್ಕನೆಯ ತಿಂಗಳು ಅಮ್ಮ ಸಾರಿನ ಪುಡಿ ಮಾಡಿ ಮಾರುವ ಯೋಚನೆ ಮಾಡಿದಳು. ಯೋಚನೆ ಅವಳದೋ, ಹಿಂದಿನ ಮನೆಯ ಅಜ್ಜಿಯದೋ ಈಗ ಹೇಳುವುದು ಕಷ್ಟ. ಹಿಂದಿನ ಮನೆ ಎಂದರೆ ಕನ್ಸರ್ವೆನ್ಸಿಯ ಆಚೆ ಬದಿಯ ಮನೆ. ಅಜ್ಜಿ ಒಂದು ಮಧ್ಯಾಹ್ನ ಹಿಂಬಾಗಿಲಲ್ಲಿ ನಿಂತು, “ನಮ್ಮನೇಲಿ ದೊಡ್ಡ ಬಾಣಲೆ ಸುಮ್ಮನೆ ಬಿದ್ದಿದೆ, ಬೇಕಾದ್ರೆ ಇಟ್ಕೋ,” ಎಂದರು. ನಮ್ಮ ಕಷ್ಟದ ಬಗ್ಗೆ ಒಂದು ಮಾತೂ ಇಲ್ಲ. ಬಾಣಲೆ ಏಕೆ ಬೇಕಾಗಬಹುದೆಂದೂ ಇಲ್ಲ. ಮರುದಿನ ಅವರೇ ಮೊಣಕಾಲು ನೋವಿನಲ್ಲೂ ಬಂದು ಒಲೆಯ ಮುಂದೆ ಕುಳಿತು ಧನಿಯ ಹುರಿದರು. ಧನಿಯ, ಜೀರಿಗೆ, ಮೆಣಸು, ಮೆಂತ್ಯ, ಸಾಸಿವೆ ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಮೆಂತ್ಯ ಒಂದು ಗಳಿಗೆ ಹೆಚ್ಚಾದರೆ ಪುಡಿಯೆಲ್ಲ ಕಹಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಕರಿಬೇವು ಗರಿಗರಿಯಾಗುವವರೆಗೆ ಹುರಿದು, ಕೊನೆಗೆ ಇಂಗು. ಇವೆಲ್ಲವೂ ಶೆಟ್ಟರ ಅಂಗಡಿಯಿಂದ ಲೆಕ್ಕಕ್ಕೆ ಬಂದವು.

ಮಿಷನ್‌ಗೆ ಹೊತ್ತುಕೊಂಡು ಹೋದವಳು ನಾನು. ಹಿಟ್ಟಿನ ಗಿರಣಿ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ, ನಮ್ಮ ಕಡೆ ಯಾರೂ ಹಾಗೆ ಕರೆಯುವುದಿಲ್ಲ. ಅಲ್ಲಿ ರಾಗಿಗೆ ಒಂದು, ಅಕ್ಕಿ ಗೋಧಿಗೆ ಒಂದು, ಮೂಲೆಯಲ್ಲಿ ಖಾರಕ್ಕೇ ಬೇರೆಯಾಗಿ ಇನ್ನೊಂದು. ಡಬ್ಬಿಗಳನ್ನು ಬಂದ ಸರದಿಯಲ್ಲಿ ಸಾಲಾಗಿ ಇಟ್ಟು ಜನ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಮಿಷನ್ ಮಾಮನಿಗೆ ಮನುಷ್ಯರ ಮುಖ ನೋಡಬೇಕಾಗಿರಲಿಲ್ಲ. ಡಬ್ಬಿ ನೋಡಿಯೇ ಇದು ಯಾರ ಮನೆಯದು, ಇವರಿಗೆ ತರಿತರಿಯೋ ನುಣ್ಣಗೋ ಎಂದು ತಿಳಿಯುತ್ತಿತ್ತು. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತಿರುತ್ತಿದ್ದ ಅವರ ಕಣ್ಣುಗಳ ಕಪ್ಪು ಮಾತ್ರ ಕಾಣುತ್ತಿತ್ತು. ಖಾರದ ಮಿಷನ್ ಶುರುವಾದರೆ ಕಟ್ಟೆಯ ಮೇಲಿದ್ದವರೆಲ್ಲ ಘಾಟಿಗೆ ಕೆಮ್ಮುತ್ತ ರಸ್ತೆಯ ಆಚೆಗೆ ಹೋಗುತ್ತಿದ್ದರು. ಬಾಯಿಗೆ ಕಟ್ಟಿದ ಬಟ್ಟೆಯ ಕೊಳವೆಯಿಂದ ಪುಡಿ ಬಿಸಿಬಿಸಿಯಾಗಿ ಡಬ್ಬಿಗೆ ಬೀಳುತ್ತಿತ್ತು. ಅದನ್ನು ಹಾಗೆಯೇ ಮುಚ್ಚಿದರೆ ಬೆವರಿ ಕೆಡುತ್ತದೆ. ಮನೆಗೆ ತಂದು ಪತ್ರಿಕೆಯ ಮೇಲೆ ಹರವಿ ಆರಿಸಬೇಕು.

ಆ ವಾರ ಮೂರು ಸಲ ಹೋದೆ. ಒಂದು ಮನೆಗೆ ಅಷ್ಟು ಸಾರಿನ ಪುಡಿ ಬೇಕಿಲ್ಲವೆಂದು ಮಿಷನ್ ಮಾಮನಿಗೆ ತಿಳಿಯದೇ ಇರುತ್ತದೆಯೇ? ಮೂರನೆಯ ಸಲ ಕೂಲಿ ಕೊಡಲು ಹೋದರೆ, “ಡಬ್ಬೀಲಿ ಹಾಕಿರು, ತಿಂಗ್ಳಿಗೊಂದು ಸಲ ನೋಡೋಣ,” ಎಂದರು. ಯಾಕೆ ಇಷ್ಟೊಂದು ಎಂದು ಕೇಳಲಿಲ್ಲ. ಕಟ್ಟೆಯ ಮೇಲಿದ್ದ ಒಬ್ಬರು ಕೇಳಿದರು. ಅದಕ್ಕೆ ಮಾಮನೇ, “ಅವ್ರ ಅತ್ತೆ ಮನೇಲಿ ಮದುವೆ,” ಎಂದು ಉತ್ತರ ಕೊಟ್ಟುಬಿಟ್ಟರು. ನಮ್ಮ ಅತ್ತೆ ಮನೆಯಲ್ಲಿ ಆ ವರ್ಷ ಯಾವ ಮದುವೆಯೂ ಇರಲಿಲ್ಲ.

ಪುಡಿಯನ್ನು ಕಾಲು ಕೆ.ಜಿ. ಪೊಟ್ಟಣಗಳಾಗಿ ಮಾಡಿ ಶೆಟ್ಟರು ಅಂಗಡಿಯಲ್ಲಿಟ್ಟರು. ‘ಮನೆ ಪುಡಿ’ ಎಂದಷ್ಟೇ ಹೇಳಿ ಮಾರಿದರು, ಯಾರ ಮನೆಯದೆಂದು ಹೇಳಲಿಲ್ಲ. ಅದರ ದುಡ್ಡು ದೊಡ್ಡ ಖಾತೆಯಲ್ಲಿ ನಮ್ಮ ಬಾಕಿಗೆ ಜಮಾ ಆಗುತ್ತ ಹೋಯಿತು. ನಮ್ಮ ಬೀದಿಯ ಎಷ್ಟೋ ಮನೆಗಳು ಆ ಚಳಿಗಾಲವೆಲ್ಲ ಅಮ್ಮನ ಸಾರಿನ ಪುಡಿಯ ಸಾರು ಉಂಡವು. ಕಾರ್ಖಾನೆ ತೆರೆದು, ಅಪ್ಪ ಉಳಿದ ಬಾಕಿಯನ್ನು ಕಂತಿನಲ್ಲಿ ತೀರಿಸುವ ಹೊತ್ತಿಗೆ ಮುಂದಿನ ದಸರೆ ಬಂದಿತ್ತು.

ಆ ಐದು ತಿಂಗಳ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಅವರ ಉದಾರತೆಗಿಂತ ಹೆಚ್ಚಾಗಿ ಕಾಡುವುದು ಅವರ ಮೌನ. ಅಜ್ಜಿ, ಮಾಮ, ಶೆಟ್ಟರು ಮೂವರಿಗೂ ಎಲ್ಲವೂ ಗೊತ್ತಿತ್ತು. ಕುಕ್ಕರ್ ಎಷ್ಟು ಸಲ ಕೂಗುತ್ತದೆ, ತುಪ್ಪ ಯಾವಾಗ ನಿಂತಿತು, ಯಾವ ತಿಂಗಳು ಕಾಫಿಪುಡಿಯಲ್ಲಿ ಚಿಕೋರಿ ಹೆಚ್ಚಾಯಿತು, ಎಲ್ಲವೂ. ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುವುದನ್ನು ಅವರು ಎಲ್ಲಿ ಕಲಿತರೋ! ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಹಳೆಯ ಬೀದಿಯಲ್ಲಿ ಜನ ಒಬ್ಬರಿಗೊಬ್ಬರು ಸಹಾಯ ಮಾಡುತ್ತಿದ್ದರು ಎಂದು ಎಲ್ಲರೂ ಹೇಳುತ್ತಾರೆ. ಆ ಸಹಾಯವನ್ನು ಬಚ್ಚಿಡುವುದಕ್ಕೆ ಅವರು ಪಡುತ್ತಿದ್ದ ಶ್ರಮವನ್ನು ಯಾರೂ ಹೇಳುವುದಿಲ್ಲ.

ಎಲ್ಲರ ವಿಷಯದಲ್ಲೂ ಅವರು ಹೀಗಿದ್ದರು ಎಂದು ಮಾತ್ರ ನಾನು ಬರೆಯಲಾರೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಗಂಡನನ್ನು ಬಿಟ್ಟು ಬಂದ ಒಬ್ಬ ಹೆಣ್ಣುಮಗಳಿದ್ದಳು, ಟೈಪಿಂಗ್ ಕಲಿಸುತ್ತಿದ್ದಳು. ಅವಳ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದು ಅದೇ ಕನ್ಸರ್ವೆನ್ಸಿಯಲ್ಲಿ, ಅದೇ ಮೊಸರಿನ ಬಟ್ಟಲು ಹಿಡಿದವರ ಬಾಯಲ್ಲಿ ದಿನವೂ ಚರ್ಚೆಯಾಗುತ್ತಿತ್ತು. ನಮ್ಮ ಅಮ್ಮನೂ ಅದರಲ್ಲಿ ಸೇರಿದ್ದಳು. ಆ ಹೆಣ್ಣುಮಗಳು ಎರಡೇ ವರ್ಷದಲ್ಲಿ ಮನೆ ಖಾಲಿ ಮಾಡಿದಳು. ನಮ್ಮ ಬಡತನಕ್ಕೆ ಸಿಕ್ಕ ಮರ್ಯಾದೆ ಅವಳ ಒಂಟಿತನಕ್ಕೆ ಸಿಗಲಿಲ್ಲ.

ಸುತ್ತುದಾರಿ

1997ರಲ್ಲಿ ನನಗೆ ಕೆಲಸ ಸಿಕ್ಕಿತು. ಊರು ಆಗಲೇ ಬೋಗಾದಿ, ದಟ್ಟಗಳ್ಳಿಗಳ ಕಡೆಗೆ ಹರಡತೊಡಗಿತ್ತು. ಹೆಬ್ಬಾಳದ ಕಡೆ ದೊಡ್ಡ ಕಂಪನಿಗಳು ಬಂದವು, ರಿಂಗ್ ರಸ್ತೆಯ ಆಚೆಗೂ ಬಡಾವಣೆಗಳಾದವು. ನಮ್ಮ ಬೀದಿಯ ಮಕ್ಕಳು ಒಬ್ಬೊಬ್ಬರಾಗಿ ಆ ಕಡೆ ಮನೆ ಕಟ್ಟಿಕೊಂಡು ಹೋದರು. ಹಿಂದಿನ ಮನೆಯ ಅಜ್ಜಿ ತೀರಿಕೊಂಡ ಮೇಲೆ ಆ ಮನೆ ಕೆಡವಿ ಮೂರು ಮಹಡಿ ಎಬ್ಬಿಸಿದರು. ಅದರ ಹಿಂಗೋಡೆಗೆ ಬಾಗಿಲೇ ಇಲ್ಲ, ಶೌಚದ ಕೊಳವೆಗಳು ಮಾತ್ರ ಇವೆ. ಕನ್ಸರ್ವೆನ್ಸಿಯನ್ನು ಅಲ್ಲಲ್ಲಿ ಒತ್ತಿಕೊಂಡು ಶೀಟು ಹೊದೆಸಿದ್ದಾರೆ. ನಾವೂ ನಮ್ಮ ಪಾಲಿನ ಎರಡು ಅಡಿಯಲ್ಲಿ ವಾಷಿಂಗ್ ಮಿಷನ್ ಇಟ್ಟಿದ್ದೇವೆ.

ಸುಮಾರು 2004ರಲ್ಲಿ ನಾನು ತಿಂಗಳ ಸಾಮಾನಿಗೆ ಸೂಪರ್ ಮಾರ್ಕೆಟ್‌ಗೆ ಹೋಗತೊಡಗಿದೆ. ಅಲ್ಲಿ ಬೆಲೆ ಒಂದಿಷ್ಟು ಕಡಿಮೆ, ಬೇಕಾದ್ದನ್ನು ಕೈಯಿಂದಲೇ ಆರಿಸಬಹುದು, ಮುಖ್ಯವಾಗಿ ನಾನೇನು ಕೊಂಡೆ ಎಂದು ಯಾರೂ ನೆನಪಿಡುವುದಿಲ್ಲ. ಆ ಕೊನೆಯದು ನನಗೆ ಆಗ ಬಹಳ ಹಿತವೆನಿಸಿತ್ತು. ಶೆಟ್ಟರಿಗೆ ಹೇಳಿ ಬಿಡಲಿಲ್ಲ, ಸುಮ್ಮನೆ ಹೋಗುವುದನ್ನು ಕಡಿಮೆ ಮಾಡಿದೆ. ಭಾನುವಾರ ಸಾಮಾನಿನ ಚೀಲಗಳನ್ನು ಸ್ಕೂಟರ್‌ನ ಕಾಲ ಬಳಿ ಇಟ್ಟುಕೊಂಡು ಬರುವಾಗ ಅವರ ಅಂಗಡಿಯ ಮುಂದೆ ಹಾಯುವುದು ಕಷ್ಟವಾಗಿ, ನಂಜುಮಳಿಗೆಯ ಕಡೆಯಿಂದ ಸುತ್ತಿ ಬರುತ್ತಿದ್ದೆ. ವರ್ಷಗಟ್ಟಲೆ ಹಾಗೆ ಸುತ್ತಿದ್ದೇನೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಆ್ಯಪ್‌ಗಳಲ್ಲಿ ಯಾವುದೂ ಸಿಗದೆ, ಅಮ್ಮನ ಹಳೆಯ ಡೈರಿಯಿಂದ ನಂಬರ್ ಹುಡುಕಿ ಶೆಟ್ಟರಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಎಲ್ಲಿದ್ದೆ ಎಂದು ಅವರು ಕೇಳಬಹುದಿತ್ತು. “ಹೇಳಮ್ಮ, ಬರ್ಕೋತೀನಿ,” ಎಂದರು. ಅರ್ಧ ಗಂಟೆಯಲ್ಲಿ ಮಗನ ಕೈಯಲ್ಲಿ ಸಾಮಾನು ಗೇಟಿಗೆ ಬಂತು. ದುಡ್ಡಿಗೆ ಅವಸರವಿಲ್ಲ ಎಂದೂ ಹೇಳಿ ಕಳಿಸಿದ್ದರು. ಅಂದೇ ಫೋನ್‌ನಲ್ಲಿ ಪಾವತಿಸಿದೆ. ಮರುವರ್ಷ ಅಂಗಡಿ ಮುಚ್ಚಿತು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಗಲ್ಲಾಪೆಟ್ಟಿಗೆ ಇದ್ದ ಜಾಗದಲ್ಲಿ ಸ್ಪೀಕರ್ ಡಬ್ಬಿ ಇದೆ. ಯಾರು ಎಷ್ಟು ಕೊಟ್ಟರೂ ಅದು ಮೊತ್ತವನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತದೆ. ಮೊನ್ನೆ ಒಬ್ಬ ಹುಡುಗ ಕೊಟ್ಟ ಹತ್ತು ರೂಪಾಯಿಯನ್ನು ಅದು ಕೂಗಿದಾಗ ಅವನು ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿ ನೋಡಿದ. ನಾನು ಏನೂ ಕೇಳಿಸದವಳಂತೆ ಗೋಡೆಯ ಕಡೆ ನೋಡಿದೆ.

ಮಾತಾಡಿಸಿ ಬಂದದ್ದು

ಶುಕ್ರವಾರ ಬೇಡ, ನಾಡಿದ್ದು ಹೋಗಿ ಮಾತಾಡಿಸಿಕೊಂಡು ಬರೋಣ ಎಂದಳು ಅಮ್ಮ. ಭಾನುವಾರ ಅವಳ ಕೈ ಹಿಡಿದುಕೊಂಡು ಆ ಎರಡು ಕ್ರಾಸ್ ನಡೆದೆ. ನಡುಮನೆಯಲ್ಲಿ ಶೆಟ್ಟರ ಫೋಟೋ, ಅದರ ಮುಂದೆ ದೀಪ. ಮಗ ಎದ್ದು ಬಂದು ಯಾರೆಂದು ತಿಳಿಯದೆ ನೋಡಿದ. ನಾನು ನಮ್ಮ ಮನೆಯ ನಂಬರು, ಕ್ರಾಸ್ ಹೇಳತೊಡಗಿದೆ. ಒಳಗಿನಿಂದ ಶೆಟ್ಟರ ಹೆಂಡತಿ ಗೋಡೆ ಹಿಡಿದುಕೊಂಡು ಬಂದರು. ಅಮ್ಮನ ಮುಖವನ್ನು ಹತ್ತಿರದಿಂದ ನೋಡಿ, “ಹಳೇ ಹುಣಸೇಹಣ್ಣು,” ಎಂದರು. ಅಮ್ಮನಿಗೆ ಕೇಳಿಸಲಿಲ್ಲ. ಅವರು ಮಗನ ಕಡೆ ತಿರುಗಿ, “ಇವ್ರಿಗೆ ಹೊಸ ಹುಣಸೇಹಣ್ಣು ಆಗ್ತಿರ್ಲಿಲ್ಲ ಕಣೋ. ಇವ್ರಿಗೆ ಅಂತ್ಲೇ ನಿಮ್ಮಪ್ಪ ಒಂದು ಮಡಕೇಲಿ ಉಪ್ಪು ಹಾಕಿ ಹಿಂದಿನ ವರ್ಷದ್ದು ಎತ್ತಿಡೋರು,” ಎಂದು ಹೇಳಿದರು.

ನಾನು ಅದನ್ನು ಅಮ್ಮನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದೆ. ಅವಳು ತಲೆಯಾಡಿಸಿ, ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಚಾಪೆಯ ಮೇಲೆ ಕುಳಿತಳು. ಆಮೇಲೆ ಇಬ್ಬರೂ ಹುಣಸೇಹಣ್ಣಿನ ವಿಷಯವನ್ನೇ ಮಾತಾಡಿದರು. ಈಗ ಬರುವುದರಲ್ಲಿ ಬೀಜ ಜಾಸ್ತಿ, ಬಣ್ಣವೂ ಸರಿಯಿಲ್ಲ, ಮಡಕೆಯಲ್ಲಿಟ್ಟರೂ ಹುಳು ಬೀಳುತ್ತದೆ. 1985ರ ಪುಸ್ತಕದ ಬಗ್ಗೆ ಅವರಿಗೆ ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಸುತ್ತ ಅವರ ಸೊಸೆಯಂದಿರು, ಮೊಮ್ಮಕ್ಕಳು ಕುಳಿತಿದ್ದರು. ಅಮ್ಮ ನನ್ನ ಮುಖ ನೋಡಿದಳು. ಹೇಳಲಿಲ್ಲ.

ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಎನ್ನಬಾರದು. ಅಮ್ಮ ಎದ್ದು, ಸೆರಗು ಸರಿ ಮಾಡಿಕೊಂಡು, ಏನೂ ಹೇಳದೆ ಹೊಸ್ತಿಲು ದಾಟಿದಳು. ನಾನೂ ಅವಳ ಹಿಂದೆ ಹೊರಗೆ ಬಂದು, ಅವಳ ಚಪ್ಪಲಿಯನ್ನು ಹುಡುಕಿ ಅವಳ ಕಾಲ ಬಳಿ ಇಟ್ಟೆ.